ನೋವು ಹೆಂಗಿದೆ ಅಂತ ಕೇಳಬಾರದು

ಕೋಣಂದೂರಿನ ಪೇಟೆ ಮುಗಿಯುವ ಕಡೆ, ರಸ್ತೆಗೆ ಮುಖ ಮಾಡಿಕೊಂಡು ಹೂವಮ್ಮನ ಹಿಟ್ಟಿನ ಗಿರಣಿ ಇದೆ. ಗಿರಣಿಗೆ ಅಂಟಿಕೊಂಡೇ ಮನೆ. ನಡುವೆ ಒಂದು ಬಾಗಿಲು. ಅಕ್ಕಿ ಬೀಸಲು ಸುರಿದು ಆ ಬಾಗಿಲು ದಾಟಿ ಒಳಗೆ ಹೋಗುವುದು, "ನೋವು ಹೆಂಗಿದೆ?" ಎಂದು ಕೇಳುವುದು, ಮೆಣಸಿನಪುಡಿ ಮಾಡಿಕೊಟ್ಟು ಕೈ ತೊಳೆದು ಮತ್ತೆ ಒಳಗೆ ಹೋಗಿ ದಿಂಬು ಸರಿಮಾಡುವುದು, "ಈಗ ಹೆಂಗಿದೆ?" ಎಂದು ಕೇಳುವುದು. ಮೂರು ವರ್ಷದಿಂದ ಹೂವಮ್ಮನ ದಿನ ನಡೆಯುತ್ತಿದ್ದುದೇ ಹೀಗೆ. ಒಳಗೆ ಹಲಗೆ ಮಂಚದ ಮೇಲೆ ಮಲಗಿರುತ್ತಿದ್ದ ಗಂಡ ಜಯಪ್ಪ ಸೂರು ನೋಡುತ್ತಾ, "ಹಂಗೇ ಇದೆ ಮಾರಾಯ್ತಿ" ಎನ್ನುತ್ತಿದ್ದ.

ಜಯಪ್ಪ ಬಸ್ ಡ್ರೈವರ್. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಖಾಸಗಿ ಬಸ್ಸನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಓಡಿಸಿದವನು. ಒಂದು ಸಲ ದಾರಿಯಲ್ಲಿ ಟಯರ್ ಪಂಕ್ಚರ್ ಆಗಿ ಸ್ಟೆಪ್ನಿ ಎತ್ತುವಾಗ ಸೊಂಟದಲ್ಲಿ ಚಳಕ್ ಎಂದಿತು. ಹದಿನೈದು ದಿನ ಮಲಗಿದರೆ ಹೋಗುತ್ತದೆ ಎಂದುಕೊಂಡದ್ದು ಹೋಗಲಿಲ್ಲ. ದೊಡ್ಡ ಊರಿನ ಒಂದು ಆಸ್ಪತ್ರೆಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದರು. ಅಲ್ಲಿನ ಡಾಕ್ಟರಿಗೆ ಅವಸರವಿತ್ತು. ಫಿಲ್ಮನ್ನು ಬೆಳಕಿಗೆ ಹಿಡಿದು, ಜಯಪ್ಪನ ಮುಖ ನೋಡದೆಯೇ, "ಎಂಬತ್ತು ವರ್ಷದವರ ಬೆನ್ನುಮೂಳೆ ಆಗಿದೆ ನಿಮ್ಮದು. ಬಗ್ಗಬೇಡಿ, ಭಾರ ಎತ್ತಬೇಡಿ. ಹೆಚ್ಚುಕಮ್ಮಿ ಆದರೆ ಕಾಲು ಹೋದರೂ ಹೋಯ್ತು" ಎಂದುಬಿಟ್ಟರು.

ಆ ಮಾತು ಜಯಪ್ಪನ ಜೊತೆಗೇ ಮನೆಗೆ ಬಂತು. ಸೊಂಟಕ್ಕೆ ಬೆಲ್ಟ್ ಬಂತು, ಹಾಸಿಗೆ ಹೋಗಿ ಹಲಗೆ ಬಂತು. ಇಂಜೆಕ್ಷನ್ ಆಯಿತು, ನಾಟಿ ಔಷಧಿ ಆಯಿತು, ಎಣ್ಣೆ ತಿಕ್ಕಿಸಿದ್ದಾಯಿತು. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಶುರುವಾಗಿ ಅದಕ್ಕೊಂದು ಮಾತ್ರೆ ಸೇರಿತು. ಹೊಸದಾಗಿ ಏನು ಮಾಡಿದರೂ ಒಂದು ವಾರ ಹಗುರ ಎನಿಸುತ್ತಿತ್ತು, ಆಮೇಲೆ ಮೊದಲಿನ ಹಾಗೇ. ನೆಲಕ್ಕೆ ಬಿದ್ದ ಟವೆಲ್ ಎತ್ತಿಕೊಳ್ಳುವುದಕ್ಕೂ ಜಯಪ್ಪ ಹೆದರುತ್ತಿದ್ದ. ಅವನು ಬಗ್ಗುವ ಮೊದಲೇ ಹೂವಮ್ಮ ಬಗ್ಗುತ್ತಿದ್ದಳು. ನೀರು ಮಂಚಕ್ಕೇ ಬರುತ್ತಿತ್ತು, ಊಟ ಮಂಚಕ್ಕೇ ಬರುತ್ತಿತ್ತು. ಚಪ್ಪಲಿಯನ್ನೂ ಅವಳೇ ಕಾಲಿಗೆ ಹಾಕುತ್ತಿದ್ದಳು. ಇದರಲ್ಲಿ ಅವಳಿಗೆ ಬೇಸರ ಇರಲಿಲ್ಲ. ಮಕ್ಕಳಿಲ್ಲದ ಮನೆ, ಅವನಿಗೆ ಅವಳು, ಅವಳಿಗೆ ಅವನು. ಗಿರಣಿ ಹಾಕಿಸಿಕೊಟ್ಟವನೂ ಅವನೇ. ಮೋಟರಿಗೆ ಹೆದರಿ ಅವಳು ಸ್ವಿಚ್ ಮುಟ್ಟದಿದ್ದ ಕಾಲದಲ್ಲಿ ಪಕ್ಕದಲ್ಲಿ ನಿಂತು, ಗದರದೆ, ನಗದೆ ಕಲಿಸಿದ್ದ.

ತೀರ್ಥಹಳ್ಳಿಯ ಡಾಕ್ಟರ ವಿಷಯ ಹೇಳಿದವರು ಗಿರಣಿಗೆ ಬರುತ್ತಿದ್ದ ಭವ್ಯಾ ಟೀಚರ್. ಅವರ ತಾಯಿಗೆ ಮಂಡಿನೋವು, ತಲೆನೋವು ಎಲ್ಲಾ ಒಟ್ಟಿಗಿತ್ತು. "ಸಿಂಚನಾ ಅಂತ, ಸಾಗರದ ಕಡೆಯವರು. ಹಳೇ ನೋವಿಗೇ ಅಂತ ವಾರದಲ್ಲಿ ಒಂದು ದಿನ ಇಟ್ಕಂಡಿದಾರೆ. ಗುಣ ಆಗುತ್ತೆ ಅಂತ ನಾನು ಹೇಳಲ್ಲ ಹೂವಮ್ಮ. ಆದ್ರೆ ಕೂರಿಸ್ಕಂಡು ಕೇಳ್ತಾರೆ" ಎಂದರು.

ಹೂವಮ್ಮ ಕಾರು ಗೊತ್ತುಮಾಡಿದಳು. ಜಯಪ್ಪ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿ ತೀರ್ಥಹಳ್ಳಿ ತಲುಪಿದ.

ಡಾಕ್ಟರ್ ಸಿಂಚನಾಗೆ ಮೂವತ್ತೈದರ ಆಸುಪಾಸು. ಹಳೆಯ ಕಾಗದಗಳನ್ನೆಲ್ಲ ಒಮ್ಮೆ ನೋಡಿ ಪಕ್ಕಕ್ಕಿಟ್ಟರು.

"ಜಯಪ್ಪನವರೇ, ನೋವಿನ ವಿಷಯ ಆಮೇಲೆ ಹೇಳಿ. ಇದು ಬರೋಕೆ ಮುಂಚೆ ನಿಮ್ಮ ದಿನ ಹೇಗಿರ್ತಿತ್ತು, ಅದನ್ನ ಹೇಳಿ."

ಜಯಪ್ಪ ಹೆಂಡತಿಯ ಮುಖ ನೋಡಿದ. ಹೀಗೆ ಯಾರೂ ಕೇಳಿರಲಿಲ್ಲ. ಆಮೇಲೆ ನಿಧಾನಕ್ಕೆ ಶುರುಮಾಡಿದ. ಬೆಳಿಗ್ಗೆ ಬಸ್ಸಿನ ಗಾಜು ಒರೆಸುವುದು. ಹೊಸನಗರದ ಸ್ಟ್ಯಾಂಡಿನಲ್ಲಿ ಚಾ. ಕಾಲೇಜು ಮಕ್ಕಳ ಗಲಾಟೆ. ಒಂದು ಊರಿನವರು ಕೊಟ್ಟ ವೀಳ್ಯದೆಲೆ ಕಟ್ಟನ್ನು ಇನ್ನೊಂದು ಊರಿನಲ್ಲಿ ಇಳಿಸುವುದು, ಔಷಧಿ ಚೀಟಿ ತಗೊಂಡು ಹೋಗಿ ಮಾತ್ರೆ ತಂದುಕೊಡುವುದು. ಹೇಳುತ್ತಾ ಹೇಳುತ್ತಾ ದನಿ ಏರಿತು. ತಿರುವಿನ ಮಾತು ಬಂದಾಗ ಎರಡು ಕೈಯೂ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸಿದವು. ಮೂರು ವರ್ಷದಲ್ಲಿ ಅವನು ಇಷ್ಟು ಮಾತಾಡಿದ್ದನ್ನು ಹೂವಮ್ಮ ಕೇಳಿರಲಿಲ್ಲ.

"ನೀವು ಬಂದಾಗ ಹತ್ತು ನಿಮಿಷ ಕೂರಕ್ಕಾಗಲ್ಲ ಅಂದ್ರಿ. ಈಗ ಎಷ್ಟೊತ್ತಾಯ್ತು ನೋಡಿ" ಎಂದರು ಡಾಕ್ಟರ್, ನಗುತ್ತಾ.

ಅಂದ ಕೂಡಲೇ ಜಯಪ್ಪನಿಗೆ ಸೊಂಟ ನೆನಪಾಯಿತು. ಕೈ ಹಿಂದಕ್ಕೆ ಹೋಯಿತು. ಮುಖ ಕೆಂಪಾಯಿತು.

"ಹಂಗಾದ್ರೆ ನಾನು ನಾಟಕ ಮಾಡ್ತಿದೀನಿ ಅಂತೀರಾ ಡಾಕ್ಟ್ರೇ?"

"ಇಲ್ಲ. ನಿಮ್ಮ ನೋವು ನಿಜ. ನಿಮಗೆ ಎಷ್ಟು ಅನ್ಸುತ್ತೋ ಅಷ್ಟೂ ನಿಜ. ಅದರಲ್ಲಿ ನಂಗೆ ಅನುಮಾನ ಇಲ್ಲ."

ಜಯಪ್ಪ ತಲೆ ತಗ್ಗಿಸಿದ. ಬಸ್ಸಿನ ಮಾಲೀಕರು ಒಮ್ಮೆ, ನೆಂಟರು ಹಲವು ಸಲ, ಕೆಲಸ ತಪ್ಪಿಸಲು ನೆಪ ಎಂಬಂತೆ ಮಾತಾಡಿದ್ದರು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೂವಮ್ಮನಿಗೂ.

ಡಾಕ್ಟರ್ ಅವನನ್ನು ಮಲಗಿಸಿ ಕಾಲು ಎತ್ತಿಸಿದರು, ಮಂಡಿಗೆ ಸುತ್ತಿಗೆಯಲ್ಲಿ ತಟ್ಟಿದರು, ಹೆಬ್ಬೆರಳು ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ಮೂತ್ರಕ್ಕೆ, ಸಂಡಾಸಿಗೆ ತೊಂದರೆ ಇದೆಯೇ, ಜ್ವರ ಬರುತ್ತದೆಯೇ, ಮೈತೂಕ ಇಳಿದಿದೆಯೇ ಎಂದು ವಿಚಾರಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಇಬ್ಬರ ಎದುರಿಗೆ ಕೂತರು.

"ಅವತ್ತು ಸ್ಟೆಪ್ನಿ ಎತ್ತುವಾಗ ಆದ ಪೆಟ್ಟು ವಾಸಿಯಾಗಿ ಬಹಳ ಕಾಲ ಆಯ್ತು. ನಿಮ್ಮ ಕಾಲಿಗೆ ಶಕ್ತಿ ಇದೆ, ನರ ಕೆಲಸ ಮಾಡ್ತಿದೆ. ಸ್ಕ್ಯಾನಿಂಗಲ್ಲಿ ಮೂಳೆ ಸವೆದಿದ್ದು ಕಾಣುತ್ತೆ, ಅದು ನಿಜ. ಆದ್ರೆ ನಿಮ್ಮ ವಯಸ್ಸಿನವರನ್ನ, ಯಾವ ನೋವೂ ಇಲ್ಲದವರನ್ನ, ಕರ್ಕೊಂಡು ಬಂದು ಸ್ಕ್ಯಾನ್ ಮಾಡಿದ್ರೂ ಸುಮಾರು ಜನಕ್ಕೆ ಹೀಗೇ ಕಾಣುತ್ತೆ. ತಲೆ ಕೂದಲು ಬೆಳ್ಳಗಾದ ಹಾಗೆ."

"ಹಂಗಾದ್ರೆ ನೋಯೋದು ಯಾಕೆ?" ಎಂದಳು ಹೂವಮ್ಮ.

"ನಿಮ್ಮನೇಲಿ ನಾಯಿ ಇದೆಯಾ ಅಮ್ಮ? ಒಂದು ಸಲ ಮನೆಗೆ ಕಳ್ಳ ಬಂದ ಅಂತ ಇಟ್ಕೊಳ್ಳಿ. ನಾಯಿ ಬೊಗಳುತ್ತೆ, ಬೊಗಳಲೇಬೇಕು. ಕಳ್ಳ ಹೋದ. ಆದ್ರೆ ಆ ಹೆದರಿಕೆಗೆ ನಾಯಿ ಮಾರನೇ ದಿನದಿಂದ ಎಲೆ ಬಿದ್ರೂ ಬೊಗಳೋಕೆ ಶುರು ಮಾಡುತ್ತೆ. ನೀವೂ ಹೆದರಿ ಬಾಗಿಲು ಹಾಕ್ಕೊಂಡು ಕೂತ್ರೆ ಅದಕ್ಕೆ ಇನ್ನೂ ಹೆದರಿಕೆ. ನಾಯಿ ಸುಳ್ಳು ಬೊಗಳ್ತಿಲ್ಲ. ಆದ್ರೆ ಕಳ್ಳ ಇಲ್ಲ. ಇವರ ನರಗಳು ಹಾಗೆ ಆಗಿವೆ. ಬೈದ್ರೆ ಸುಮ್ನಾಗಲ್ಲ. ಮೆಲ್ಲಗೆ, ದಿನಾ, ಏನೂ ಆಗಲ್ಲ ಅಂತ ತೋರಿಸ್ಬೇಕು."

ನೋವಿನ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುವುದು, ನರದ ಚುರುಕು ತಗ್ಗಿಸಲು ಮಲಗುವ ಮುಂಚೆ ಒಂದು ಬೇರೆ ಮಾತ್ರೆ, ಬೆಲ್ಟ್ ಬಿಡುವುದು, ಕೆಲವು ವ್ಯಾಯಾಮ, ದಿನಾ ನಡಿಗೆ, ಇಷ್ಟನ್ನು ಡಾಕ್ಟರ್ ಹೇಳಿದರು. ನಡಿಗೆಗೆ ಒಂದು ಕಟ್ಟಳೆ ಇತ್ತು: ಚೆನ್ನಾಗಿರುವ ದಿನ ಅಂತ ಹೆಚ್ಚು ನಡೆಯುವಂತಿಲ್ಲ, ನೋವಿರುವ ದಿನ ಅಂತ ಕಮ್ಮಿ ಮಾಡುವಂತಿಲ್ಲ. "ನೋವು ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಆದ್ರೆ ನೋವಿಗಿಂತ ನೀವು ದೊಡ್ಡವರಾಗ್ತೀರಿ, ಅದು ಸಣ್ಣದಾಗುತ್ತೆ. ಹಾಗಾದಾಗ ಮೊದಲು ಏನು ಮಾಡ್ಬೇಕು ಅಂತಿದೀರಿ?"

ಜಯಪ್ಪ ಯೋಚಿಸಿದ. "ಹಿನ್ನೀರಿನ ಆಚೆ, ಬ್ಯಾಕೋಡಲ್ಲಿ ನಮ್ಮಕ್ಕ ಇದಾಳೆ. ಮೊದ್ಲೆಲ್ಲ ಲಾಂಚಲ್ಲಿ ದಾಟಿ ಹೋಗ್ತಿದ್ದೆ. ಈಗ ಸೇತುವೆ ಆಗಿದೆ. ಊರಿಗೆ ಊರೇ ಹೋಗಿ ನೋಡ್ಕಂಡು ಬಂತು. ಡ್ರೈವರ್ ಆದ ನಾನು ಅದರ ಮೇಲೆ ಹೋಗಿಲ್ಲ."

"ಸರಿ, ಅಕ್ಕನ ಮನೆ" ಎಂದು ಡಾಕ್ಟರ್ ಬರೆದುಕೊಂಡರು. ಆಮೇಲೆ ಹೂವಮ್ಮನ ಕಡೆ ತಿರುಗಿದರು. "ಈಗ ನಿಮ್ಮ ಕೆಲಸ. ಇವರಿಗೆ ನೋವು ಹೆಂಗಿದೆ ಅಂತ ಕೇಳಬಾರದು. ಅವರು ಮಾಡ್ಕೊಳ್ಳೋಕಾಗೋದನ್ನ ನೀವು ಮಾಡ್ಕೊಡಬಾರದು."

ಹೂವಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. "ಹಂಗಾದ್ರೆ ಇಷ್ಟು ದಿನ ನಾನು ನೋಡ್ಕಂಡಿದ್ದೇ ತಪ್ಪಾ?"

"ತಪ್ಪಲ್ಲ ಅಮ್ಮ. ಹೊಸ ನೋವಿಗೆ ಅದೇ ಸರಿ. ಹಳೇ ನೋವಿಗೆ ಬೇರೆ ಥರ. ನೀವು ಕೇಳಿದಾಗೆಲ್ಲ ಅವರು ಒಳಗೆ ಹೋಗಿ ಅದನ್ನ ಹುಡುಕ್ಬೇಕು. ಹುಡುಕಿದ್ರೆ ಸಿಗುತ್ತೆ."

ಕೋಣಂದೂರು ಬರುವವರೆಗೂ ಹೂವಮ್ಮ ಕಿಟಕಿಯಿಂದ ಆಚೆ ನೋಡುತ್ತಿದ್ದಳು. ತಾನು ಕೊಟ್ಟ ಒಂದೊಂದು ಲೋಟ ನೀರನ್ನೂ ಆ ಡಾಕ್ಟರ್ ಹುಡುಗಿ ಲೆಕ್ಕಕ್ಕಿಲ್ಲದಂತೆ ಮಾಡಿದಳಲ್ಲ ಎಂದು ಸಿಟ್ಟು ಬಂದಿತ್ತು. ಮನೆಗೆ ಬಂದ ಮೇಲೆ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು. ಆದರೆ ಕಾರಿನಲ್ಲಿ ಜಯಪ್ಪ ಮಲಗದೆ ಕೂತುಕೊಂಡೇ ಬಂದದ್ದನ್ನು ಅವಳು ನೋಡಿದ್ದಳು. ಕೇಳದೆ ಇದ್ದು ನೋಡುವುದು ಎಂದು ತೀರ್ಮಾನಿಸಿದಳು.

ಮರುದಿನ ಅಕ್ಕಿ ಬೀಸಲು ಸುರಿದು, ಅಭ್ಯಾಸಬಲದಿಂದ ಬಾಗಿಲು ದಾಟಿ ಒಳಗೆ ಹೋಗಿ ನಿಂತಳು. ಬಾಯಿ ತಾನಾಗಿ ತೆರೆಯಿತು.

"ನೋ..."

ಜಯಪ್ಪ ಕತ್ತೆತ್ತಿ ನೋಡಿದ.

"ನೋಡಿ, ಮೋಡ ಆಗಿದೆ" ಎಂದಳು.

ಕಿಟಕಿಯಾಚೆ ಬಿಸಿಲು ಬೆಳ್ಳಗೆ ಹೊಡೆಯುತ್ತಿತ್ತು. ಜಯಪ್ಪ ಒಮ್ಮೆ ಆಕಾಶ ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ. ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಹೂವಮ್ಮನಿಗೂ ನಗು ಬಂತು. ನಕ್ಕು ಮುಗಿಯಿತು. ಮುಂದೆ ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ನೋವು, ಮಾತ್ರೆ, ಡಾಕ್ಟರು ಬಿಟ್ಟರೆ ಗಂಡ ಹೆಂಡತಿಗೆ ಮಾತೇ ಉಳಿದಿಲ್ಲ ಎಂಬುದು ಹೂವಮ್ಮನಿಗೆ ಆಗ ಗೊತ್ತಾಯಿತು. ಅದು ಅವಳಿಗೆ ಡಾಕ್ಟರ ಮಾತಿಗಿಂತ ಹೆಚ್ಚು ನಾಟಿತು.

ಹಾಗಾಗಿ ಅವಳು ಗಿರಣಿಯ ಸುದ್ದಿ ಒಳಗೆ ಒಯ್ಯತೊಡಗಿದಳು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆಯ ದನ ಯಾರ ಗದ್ದೆಗೆ ನುಗ್ಗಿತು, ಸುಬ್ಬಪ್ಪನವರು ರಾಗಿ ಎಂದುಕೊಂಡು ಸಾಸಿವೆ ತಂದದ್ದು ಹೇಗೆ. ಅರ್ಧ ಕತೆ ಹೇಳುವಷ್ಟರಲ್ಲಿ ಗಿರಣಿಯಲ್ಲಿ ಯಾರೋ ಕೂಗುತ್ತಿದ್ದರು, ಅವಳು ಓಡುತ್ತಿದ್ದಳು. ಉಳಿದರ್ಧ ಕೇಳಬೇಕೆಂದು ಜಯಪ್ಪ ಎದ್ದು ಬಾಗಿಲವರೆಗೆ ಬರುವುದು ರೂಢಿಯಾಯಿತು. ಮೊದಲು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ. ಆಮೇಲೆ ಒಂದು ಸ್ಟೂಲು ತಂದು ಹಾಕಿಕೊಂಡ. ಬೆಳಿಗ್ಗೆ ಡಾಕ್ಟರು ಹೇಳಿದಷ್ಟು ದೂರ, ಪಂಚಾಯ್ತಿ ಆಫೀಸಿನ ಗೇಟಿನವರೆಗೆ ಹೋಗಿ ಬರುತ್ತಿದ್ದ. ಅಷ್ಟಕ್ಕೇ ಮುಖ ಬೆವರುತ್ತಿತ್ತು. ಹೂವಮ್ಮ ಅವನ ಮುಖ ನೋಡದೆ, "ಪೇಟೇಲಿ ಯಾರು ಸಿಕ್ರು?" ಎಂದು ಕೇಳುತ್ತಿದ್ದಳು.

ಒಂದು ದಿನ ಅವನ ಕೈಯಿಂದ ಲೋಟ ಜಾರಿ ನೆಲಕ್ಕೆ ಬಿತ್ತು. ಅವನು ಅವಳ ಕಡೆ ನೋಡಿದ. ಹೂವಮ್ಮನ ಕಾಲು ಆಗಲೇ ಒಂದು ಹೆಜ್ಜೆ ಇಟ್ಟಾಗಿತ್ತು. ಅವಳು ಆಗಷ್ಟೇ ಮೋಟರ್ ನಿಲ್ಲಿಸಿದ್ದ ಗಿರಣಿಯ ತಗಡಿನ ಬಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಡಬ್ಬಿಯ ಹಿಟ್ಟನ್ನೇ ನೋಡುತ್ತ ನಿಂತಳು.  ಹಿಂದಿನಿಂದ ಮಂಡಿ ಊರಿದ ಸದ್ದು, ಉಸಿರು ಎಳೆದುಕೊಂಡ ಸದ್ದು, ಲೋಟ ಕಟ್ಟೆಯ ಮೇಲೆ ಇಟ್ಟ ಸದ್ದು.

"ಬಗ್ಗಿದೆ ಕಣೇ" ಎಂದ ಜಯಪ್ಪ. "ಏನೂ ಮುರೀಲಿಲ್ಲ."

ಹೂವಮ್ಮ ತಿರುಗಲಿಲ್ಲ. ಕೆನ್ನೆಯ ಮೇಲಿನ ಹಿಟ್ಟಿನಲ್ಲಿ ಕಣ್ಣೀರಿನ ಗೀರು ಮೂಡಿದ್ದನ್ನು ಅವನಿಗೆ ತೋರಿಸಲು ಅವಳಿಗೆ ಇಷ್ಟವಿರಲಿಲ್ಲ.

ಕೆಲವು ವಾರ ಎಲ್ಲಾ ಒಳ್ಳೆಯದಾಗಿಯೇ ನಡೆಯಿತು. ಅದೇ ಅಪಾಯವಾಯಿತು. ಸಂತೆಯ ದಿನ ಹೂವಮ್ಮ ತರಕಾರಿಗೆ ಹೋಗಿದ್ದಾಗ, ಮೈ ಹಗುರವಿದೆ ಎಂದು ಜಯಪ್ಪ ಗಿರಣಿ ಎದುರಿಗಿದ್ದ ಅಕ್ಕಿಮೂಟೆಯನ್ನು ಎತ್ತಿ ಒಳಗಿಡಲು ಹೋದ. ಹೆಂಡತಿ ಬಂದಾಗ ನೋಡಿ ಬೆರಗಾಗಲಿ ಎಂಬ ಆಸೆ. ಹೂವಮ್ಮ ಬಂದು ನೋಡಿದಾಗ ಅವನು ಮೂಟೆಯ ಪಕ್ಕದಲ್ಲಿ ನೆಲದ ಮೇಲೆ ಬೆವರುತ್ತಾ ಮಲಗಿದ್ದ.

ತರಕಾರಿ ಚೀಲ ಅಲ್ಲೇ ಬಿತ್ತು. ಪಕ್ಕದ ಅಂಗಡಿಯವರ ಸಹಾಯದಿಂದ ಅವನನ್ನು ಹಲಗೆಗೆ ಸೇರಿಸಿದಳು. ಬೆಲ್ಟ್ ಹುಡುಕಿ ತಂದಳು. "ನೋವು ಹೆಂಗಿದೆ, ಎಲ್ಲಿದೆ, ಕಾಲಿಗೆ ಇಳೀತಿದೆಯಾ" ಎಂದು ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದನ್ನೆಲ್ಲ ಒಟ್ಟಿಗೆ ಕೇಳಿದಳು. ಜಯಪ್ಪ ಗೋಡೆಯ ಕಡೆ ಮುಖ ತಿರುಗಿಸಿ, "ಆ ಮೊದ್ಲಿನ ಡಾಕ್ಟ್ರು ಹೇಳಿದ್ದೇ ನಿಜ. ಎಂಬತ್ತು ವರ್ಷದ ಮೂಳೆ ನಂದು. ಇದೆಲ್ಲ ಸಾಕು" ಎಂದ.

ಅವಳು ತೀರ್ಥಹಳ್ಳಿಗೆ ಫೋನ್ ಮಾಡಿದಳು. ಸಿಂಚನಾ ಡಾಕ್ಟರ್ ನಿಧಾನಕ್ಕೆ ಒಂದೊಂದಾಗಿ ಕೇಳಿದರು. ಎರಡು ಕಾಲೂ ಆಡಿಸುತ್ತಾರಾ? ತೊಡೆಯ ಸಂದಿಯಲ್ಲಿ ಮರಗಟ್ಟಿದ ಹಾಗಿದೆಯಾ? ಮೂತ್ರ ಸರಿಯಾಗಿ ಹೋಗುತ್ತಿದೆಯಾ? ಹೂವಮ್ಮ ಗಂಡನನ್ನು ಕೇಳಿ ಕೇಳಿ ಉತ್ತರ ಕೊಟ್ಟಳು.

"ಇದರಲ್ಲಿ ಯಾವುದಾದ್ರೂ ಬದಲಾದ್ರೆ ತಕ್ಷಣ ಕರ್ಕೊಂಡು ಬನ್ನಿ, ಕಾಯಬೇಡಿ. ಇಲ್ಲ ಅಂದ್ರೆ ಹೆದರಬೇಡಿ ಅಮ್ಮ. ನೋವು ಜಾಸ್ತಿಯಾಗಿದೆ, ಪೆಟ್ಟಾಗಿಲ್ಲ. ಹೀಗೆ ಒಂದೆರಡು ಸಲ ಆಗೇ ಆಗುತ್ತೆ. ಈ ವಾರ ಮಾತ್ರ ನಡಿಗೆ ಸ್ವಲ್ಪ ಕಮ್ಮಿ ಮಾಡ್ಲಿ, ನಿಲ್ಲಿಸೋದು ಬೇಡ. ಮೂಟೆ ಎತ್ತಿದ್ದಕ್ಕೆ ನನ್ನ ಪರವಾಗಿ ಒಂದು ಮಾತು ಬೈಯಿರಿ."

ಹೂವಮ್ಮ ಬೈಯಲಿಲ್ಲ. ಎರಡು ದಿನ ಜಯಪ್ಪ ಸೂರು ನೋಡುತ್ತಾ ಮಲಗಿದ, ಕರೆದರೂ ಏಳಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವಳು ಊಟದ ತಟ್ಟೆ ಹಿಡಿದು ಮಂಚದ ಹತ್ತಿರ ಬಂದವಳು ಅಲ್ಲೇ ನಿಂತಳು. ತಟ್ಟೆಯನ್ನು ವಾಪಸು ಅಡಿಗೆಮನೆಯಲ್ಲಿಟ್ಟು ಬಂದು ಮಂಚದ ತುದಿಗೆ ಕೂತಳು.

"ಒಬ್ಬಳೇ ಮಾತಾಡಿ ಮಾತಾಡಿ ಸಾಕಾಗಿದೆ ನಂಗೆ. ಗಿರಣಿ ಹತ್ರ ಬಂದು ಕೂತ್ಕಳಿ. ಏನೂ ಎತ್ತಬೇಡಿ, ಏನೂ ಮಾಡಬೇಡಿ. ಸುಮ್ನೆ ಬಂದು ಕೂತ್ಕಳಿ."

"ಆಗಲ್ಲ ಹೂವೀ."

"ಆದಷ್ಟು ಹೊತ್ತು ಕೂತ್ಕಳಿ. ಸ್ಟೂಲ್ ಖಾಲಿ ಇದ್ರೆ ನಂಗೆ ಅತ್ತ ನೋಡಕ್ಕೇ ಆಗಲ್ಲ."

ಅವಳು ಹಾಗೆ ಹೇಳಿ ಹೊರಟುಹೋದಳು. ಕೈ ಹಿಡಿದು ಎಬ್ಬಿಸಲಿಲ್ಲ. ಮೋಟರ್ ಹಾಕಿ, ಸದ್ದಿನ ನಡುವೆ ಬೆನ್ನು ಹಾಕಿಕೊಂಡು ನಿಂತಳು. ಬೀಸಿದ ಹಿಟ್ಟು ಡಬ್ಬಿ ತುಂಬಿ ಮೋಟರ್ ನಿಲ್ಲಿಸುವ ಹೊತ್ತಿಗೆ ಸ್ಟೂಲು ಎಳೆದ ಸದ್ದು ಕೇಳಿಸಿತು. ಜಯಪ್ಪ ಹಲ್ಲು ಕಚ್ಚಿಕೊಂಡು ಕೂತಿದ್ದ. ಬೆಲ್ಟ್ ಹಾಕಿಕೊಂಡಿರಲಿಲ್ಲ.

"ಆ ಸುಬ್ಬಪ್ಪನ ಸಾಸಿವೆ ಕೊನೆಗೆ ಏನಾಯ್ತು?" ಎಂದ.

ಅಲ್ಲಿಂದ ಮುಂದೆ ಹಾದಿ ನೇರವಾಗೇನೂ ಇರಲಿಲ್ಲ. ಮೋಡ ಮುಚ್ಚಿದ ದಿನ ಸೊಂಟ ಬಿಗಿಯುತ್ತಿತ್ತು. ಕೆಲವು ಬೆಳಿಗ್ಗೆ ಪಂಚಾಯ್ತಿ ಗೇಟು ಬೇರೆ ತಾಲ್ಲೂಕಿನಲ್ಲಿದ್ದ ಹಾಗೆ ಕಾಣುತ್ತಿತ್ತು. ಆದರೂ ನಡಿಗೆ ಸ್ವಲ್ಪ ಸ್ವಲ್ಪವೇ ಉದ್ದವಾಯಿತು. ಹಲಗೆಯ ಮೇಲೆ ಹಾಸಿಗೆ ಬಂತು. ಮಾತ್ರೆ ಇಳಿದ ಮೇಲೆ ಹೊಟ್ಟೆ ಉರಿ ಹೋಗಿ ಊಟ ರುಚಿಸತೊಡಗಿತು. ದಿನವಿಡೀ ಬಸ್ಸು ಓಡಿಸುವುದು ಬೇಡ ಎಂದು ಜಯಪ್ಪನೇ ನಿರ್ಧರಿಸಿದ; ಅರಳಸುರಳಿ ಕಡೆಯಿಂದ ಮಕ್ಕಳನ್ನು ಕರೆತರುವ ಶಾಲೆಯ ವ್ಯಾನಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್ ಒಪ್ಪಿಕೊಂಡ. ಮೊದಲ ದಿನ ವ್ಯಾನಿನಿಂದ ಇಳಿದು ಬಂದಾಗ ಹೂವಮ್ಮ, "ಮಕ್ಕಳು ಎಂತ ಅಂದ್ವು?" ಎಂದು ಕೇಳಿದಳು. ಅವನು ಸಂಜೆಯವರೆಗೂ ಹೇಳಿದ.

ಶಾಲೆಗೆ ರಜೆ ಬಂದಾಗ ಬ್ಯಾಕೋಡಿಗೆ ಹೊರಟರು. ಕಾರು ಬೇಡ, ಬಸ್ಸೇ ಆಗಬೇಕು ಎಂದ ಜಯಪ್ಪ. ಹೊಸನಗರದಲ್ಲಿ ಇಳಿದು, ಚಾ ಕುಡಿದು, ಸ್ಟ್ಯಾಂಡಿನಲ್ಲಿ ಅಡ್ಡಾಡಿ ಮುಂದಿನ ಬಸ್ಸು ಹಿಡಿದರು. ಸ್ಟ್ಯಾಂಡಿನ ಹಳೆಯ ಬಸ್ ಏಜೆಂಟರೊಬ್ಬರು ಜಯಪ್ಪನ ಕೈ ಹಿಡಿದುಕೊಂಡು ಬಿಡಲಿಲ್ಲ. ಸಾಗರದಲ್ಲಿ ಮತ್ತೆ ಇಳಿದು ಊಟ ಮಾಡಿದರು. ಕೂತು ಸಾಕಾದಾಗ ಅವನು ಎದ್ದು ಕಂಬಿ ಹಿಡಿದು ನಿಲ್ಲುತ್ತಿದ್ದ, ನಿಂತು ಸಾಕಾದಾಗ ಕೂರುತ್ತಿದ್ದ. ಸೇತುವೆ ಹತ್ತಿರವಾದಾಗ ಮುಂದೆ ಹೋಗಿ ಡ್ರೈವರ್ ಹಿಂದೆ ನಿಂತುಬಿಟ್ಟ. ಎರಡೂ ಕಡೆ ಹಿನ್ನೀರು ಬಿಸಿಲಿಗೆ ಮಿನುಗುತ್ತಿತ್ತು.

"ಗಾಳಿ ಎಡಕ್ಕೆ ಎಳೆಯುತ್ತಾ?" ಎಂದು ಡ್ರೈವರನ್ನು ಕೇಳಿದ.

"ಬೆಳಿಗ್ಗೆ ಹೊತ್ತು ಸ್ವಲ್ಪ ಎಳೀತದೆ" ಎಂದ ಡ್ರೈವರ್.

ಅದೊಂದು ಉತ್ತರ ಸಿಕ್ಕಿದ್ದೇ ಸಾಕೆಂಬಂತೆ ಜಯಪ್ಪ ಹಿಂದೆ ತಿರುಗಿ ಹೂವಮ್ಮನ ಕಡೆ ನೋಡಿ ತಲೆಯಾಡಿಸಿದ. ಅವನ ಒಂದು ಕೈ ಸೊಂಟದ ಮೇಲಿತ್ತು. ಹೂವಮ್ಮ ನೋಡಿದಳು, ಕೇಳಲಿಲ್ಲ.

ಅಕ್ಕ ಗುತ್ಯಮ್ಮ ತಮ್ಮನನ್ನು ಕಂಡು ಅತ್ತಳು. ಹಾಸಿಗೆ ಬಿಡಿಸಲು ಓಡಿದಳು. "ಮಲಗಿಸಬೇಡಿ ಅತ್ತಿಗೆ. ಹಿತ್ತಲಲ್ಲಿ ಏನಾದ್ರೂ ಕೆಲಸ ಇದ್ರೆ ಕೊಡಿ" ಎಂದಳು ಹೂವಮ್ಮ. ಗುತ್ಯಮ್ಮನಿಗೆ ಅರ್ಥವಾಗಲಿಲ್ಲ, ಆದರೂ ತಮ್ಮನ ಕೈಗೆ ಬಸಳೆ ಸೊಪ್ಪಿನ ಬುಟ್ಟಿ ಕೊಟ್ಟಳು. ಅಕ್ಕ ತಮ್ಮ ಹಿತ್ತಲಲ್ಲಿ ನಿಂತು ಮಾತಾಡಿದ್ದೇ ಮಾತಾಡಿದ್ದು.

ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಹೂವಮ್ಮ ಚೀಲ ಕಟ್ಟತೊಡಗಿದಳು.

"ಎಂತ ಅವಸರ? ಇನ್ನೆರಡು ದಿನ ಇರಾದು" ಎಂದ ಜಯಪ್ಪ.

"ಇರಾದಾ? ಗಿರಣಿ ಬಾಗ್ಲು ಹಾಕಿ ಬಂದಿದೀನಿ. ಮದುವೆ ಮನೆಯವ್ರ ಅಕ್ಕಿ ಬಂದು ಕೂತಿದೆ."

"ಮದುವೆ ಮುಂದಿನ ವಾರ ಅಲ್ವನೇ? ಯಾವಾಗ ನೋಡಿದ್ರೂ ಗಿರಣಿ ಗಿರಣಿ. ನಿಂಗೆ ನಮ್ಮಕ್ಕನ ಮನೆ ಅಂದ್ರೆ ಮೊದ್ಲಿಂದ್ಲೂ ಅಷ್ಟೇ."

"ನಿಮ್ಮಕ್ಕನ ಮನೆಗೆ ನಾನು ಎಂತ ಕಮ್ಮಿ ಮಾಡಿದೀನಿ ಹೇಳಿ ನೋಡಾಣ. ನೀವು ಹಿಂಗೇ. ಬಂದ ಕಡೆ ಬೇರು ಬಿಡೋರು."

ದನಿಗಳು ಏರಿದವು. ಹೂವಮ್ಮ ಸೀರೆಯನ್ನು ಚೀಲಕ್ಕೆ ತುರುಕಿದಳು, ಜಯಪ್ಪ ಅದನ್ನು ಹೊರಗೆ ಎಳೆದ. ಒಲೆಯ ಮುಂದಿದ್ದ ಗುತ್ಯಮ್ಮ ಗಾಬರಿಯಾಗಿ ಸೌಟು ಹಿಡಿದೇ ಓಡಿ ಬಂದಳು.

ಜಗಳದ ನಡುವೆಯೇ ಹೂವಮ್ಮನ ಕೈ ನಿಂತಿತು. ಮೂರು ವರ್ಷ ಗಂಡನಿಗೆ ಅವಳು ಎದುರು ಮಾತಾಡಿರಲಿಲ್ಲ. ನೋವಿನವನ ಜೊತೆ ಜಗಳ ಆಡುವುದು ಹೇಗೆ? ಅವನು ಹೇಳಿದ್ದಕ್ಕೆಲ್ಲ ಹೂಂ ಎಂದಿದ್ದಳು, ಅವನೂ ಸೇವೆ ಮಾಡುವವಳಿಗೆ ಏನೂ ಅನ್ನಬಾರದೆಂದು ನುಂಗಿಕೊಂಡಿದ್ದ. ಈಗ ಇಬ್ಬರೂ ಕೆಂಪಗಾಗಿ, ಏದುಸಿರು ಬಿಡುತ್ತಾ, ಒಂದು ಸೀರೆಯ ಎರಡು ತುದಿ ಹಿಡಿದು ನಿಂತಿದ್ದರು. ಅವಳಿಗೆ ನಗು ತಡೆಯಲಾಗಲಿಲ್ಲ.

"ನಗ್ತೀಯಲ್ಲೇ, ಎಂತಕ್ಕೆ?" ಎಂದ ಜಯಪ್ಪ, ಇನ್ನೂ ಸಿಟ್ಟಿನಲ್ಲಿ.

"ಏನಿಲ್ಲ, ಬೈರಿ ನೀವು."

"ನಂಗೆ ಬೈಯಕ್ಕೆ ಹೇಳಿಕೊಡ್ಬೇಕಾ ನೀನು?"

ಗುತ್ಯಮ್ಮ ಇಬ್ಬರ ಮುಖವನ್ನೂ ನೋಡಿ, ಏನೂ ತಿಳಿಯದೆ, "ಮೀನು ಬಂದಿದೆ. ಸಾರು ಮಾಡಾದೋ ಬ್ಯಾಡ್ವೋ, ಅಷ್ಟು ಹೇಳಿ" ಎಂದಳು.

"ಮಾಡಿ ಅತ್ತಿಗೆ" ಎಂದು ಹೂವಮ್ಮ ಸೀರೆಯ ತುದಿ ಬಿಟ್ಟಳು. "ಇನ್ನೊಂದು ದಿನ ಇರ್ತೀವಿ. ಎರಡು ದಿನ ಅಲ್ಲ, ಒಂದೇ. ಮೀನು ಇವ್ರೇ ಹೆಚ್ಚಿಕೊಡ್ತಾರೆ."

ಜಯಪ್ಪ ಗೊಣಗಿಕೊಳ್ಳುತ್ತಾ ಹಿತ್ತಲಿಗೆ ಹೋದ. ಮೀನಿನ ಬುಟ್ಟಿಯ ಮುಂದೆ ತಗ್ಗು ಮಣೆ ಇತ್ತು. ಅದನ್ನು ಪಕ್ಕಕ್ಕಿಟ್ಟು, ಎತ್ತರದ ಕಟ್ಟೆಯ ಮೇಲೆ ತನಗೆ ಅನುಕೂಲವಾಗುವಂತೆ ಕೂತು, ಕತ್ತಿ ಕೇಳಿದ.